ಘಾಟಿಯಲ್ಲೂ ಮಾತಾಡುವ ಸ್ಟೀರಿಯೋ

2024ರ ಜೂನ್‌ನಲ್ಲಿ ನಮ್ಮ ಕಾರಿನ ಸ್ಟೀರಿಯೋ ಕೆಟ್ಟಿತು. ಗಾಡಿ 2014ರದ್ದು. ಹತ್ತು ವರ್ಷ ಕಾರವಾರದ ಉಪ್ಪುಗಾಳಿಯಲ್ಲಿ ನಿಂತಿದೆ. ಮೊದಲು ಡಿಸ್‌ಪ್ಲೇಯ ಅರ್ಧ ಅಕ್ಷರ ಕಾಣದಾದವು. ಆಮೇಲೆ ಎಡಗಡೆ ಸ್ಪೀಕರ್ ಕೆರೆಯತೊಡಗಿತು. ಕೊನೆಗೆ ಒಂದು ಮಳೆಯ ದಿನ, ಶಿರಸಿ–ಕುಮಟಾ ದಾರಿಯ ದೇವಿಮನೆ ಘಾಟಿಯ ನಡುವೆ, ಪೂರ್ತಿ ಬಂದ್. ಪಕ್ಕದಲ್ಲಿ ಆಯಿ, ಅಂದರೆ ನನ್ನ ಅಮ್ಮ, ಕೂತಿದ್ದಳು. ಪೆನ್‌ಡ್ರೈವ್‌ನಲ್ಲಿ ತಾಳಮದ್ದಲೆ, ಅಂದರೆ ವೇಷವಿಲ್ಲದೆ ಕೂತು ಹಾಡು ಮತ್ತು ಮಾತಿನಲ್ಲೇ (ಅದಕ್ಕೇ "ಅರ್ಥ" ಅನ್ನುವುದು) ನಡೆಸುವ ಯಕ್ಷಗಾನ, ನಡೆಯುತ್ತಿತ್ತು.

"ತಮಾ, ಅರ್ಥ ಅರ್ಧಕ್ಕೇ ನಿಂತ್ಹೋತಲಾ" ಅಂದಳು.

ನಾನಿರುವುದು ಕಾರವಾರದ ಕೋಡಿಬಾಗದಲ್ಲಿ. ಊರು ಶಿರಸಿ ತಾಲೂಕಿನ ಹುಲೇಕಲ್ ಕಡೆ. ಹದಿನೈದು ದಿನಕ್ಕೊಮ್ಮೆ ಹೋಗಿ ಬರುವುದು, ಆಯಿಯ ಕಣ್ಣಿನ ತಪಾಸಣೆ ಇದ್ದರೆ ಅವಳನ್ನು ಕರೆದುಕೊಂಡು ಬರುವುದು. ಅವಳಿಗೆ ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ. ಕಿವಿಗೆ ಏನಾದರೂ ಬೀಳುತ್ತಿದ್ದರೆ ಮಾತ್ರ ಆರಾಮ. ಮಾತ್ರೆಗಿಂತ ಅರ್ಥಗಾರಿಕೆಯೇ ಅವಳಿಗೆ ಜಾಸ್ತಿ ಕೆಲಸ ಮಾಡುತ್ತದೆ. ಸ್ಟೀರಿಯೋ ನಿಂತ ಮೇಲೆ ಘಾಟಿಯ ಕೆಳಗಿನ ಕತಗಾಲ ಮುಟ್ಟುವುದರೊಳಗೆ ಎರಡು ಸಲ ಗಾಡಿ ನಿಲ್ಲಿಸಬೇಕಾಯಿತು.

ಆಮೇಲೆ ಜುಲೈ 16 ಬಂತು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಗಂಗಾವಳಿ ನದಿ ಪಕ್ಕದ ಹೆದ್ದಾರಿ ಮುಚ್ಚಿಹೋದ ದಿನ. ನಾನು ಅವತ್ತು ಊರಿಂದ ಕಾರವಾರಕ್ಕೆ ಹೊರಟಿದ್ದೆ. ಸ್ಟೀರಿಯೋ ಇಲ್ಲ, ರೇಡಿಯೋ ಇಲ್ಲ. ಫೋನಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ಶಿರಸಿ ಪೇಟೆ ದಾಟಿ ಸ್ವಲ್ಪ ಬಂದ ಮೇಲೆ, ಎದುರಿಂದ ಬಂದ ಒಬ್ಬರು ಕೈ ಮಾಡಿ ನಿಲ್ಲಿಸಿ ಹೇಳಿದರು: ಅಂಕೋಲಾ ಕಡೆ ಹೋಗಬೇಡಿ, ಗುಡ್ಡ ಬಂದಿದೆ. ವಾಪಸ್ ತಿರುಗಿಸಿದೆ. ಎಷ್ಟು ಜನ ಸಿಕ್ಕಿಬಿದ್ದಿದ್ದಾರೆ ಅಂತ ಸಂಜೆ ಮನೆಯ ರೇಡಿಯೋ ಕೇಳಿದಾಗ ಕೈಕಾಲು ತಣ್ಣಗಾಯಿತು. ಹೊಸ ಸ್ಟೀರಿಯೋದಲ್ಲಿ ಒಳ್ಳೆಯ ರೇಡಿಯೋ ಇರಲೇಬೇಕು ಎಂದು ಅವತ್ತೇ ನಿಶ್ಚಯ ಮಾಡಿದೆ. ಹಾಡಿಗಲ್ಲ, ಸುದ್ದಿಗೆ.

ಚೌತಿಗೆ ಅಮೆರಿಕದ ಭಾವ ಬಂದ. ಅವನಿಗೆ ಈ ವಿಷಯ ಗೊತ್ತಿತ್ತು. ತಾನು ಗಾಡಿ ಬದಲಿಸುವಾಗ ಬಿಚ್ಚಿಟ್ಟ ಒಂದು ಒಳ್ಳೆಯ ಸ್ಟೀರಿಯೋವನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಿದ್ದ. ಮುಖದ ಮೇಲೆ "ಸಿರಿಯಸ್ ಎಕ್ಸ್‌ಎಂ ರೆಡಿ" ಅಂತ ಬರೆದಿತ್ತು. ಅಲ್ಲಿ ಅವನು ಆಫೀಸಿಗೆ ಹೋಗುವಾಗ ಉಪಗ್ರಹದಿಂದ ಬರುವ ರೇಡಿಯೋ ಕೇಳುತ್ತಾನಂತೆ. ನೂರಾರು ಮೈಲಿ ಹೋದರೂ ಸ್ಟೇಷನ್ ಬದಲಿಸುವುದೇ ಬೇಡ.

ಉಪಗ್ರಹ ಅಂದ ಕೂಡಲೇ ನನಗೆ ಅಪ್ಪಯ್ಯ ನೆನಪಾದ. ನಮ್ಮ ಮನೆಯಲ್ಲಿ ವರ್ಲ್ಡ್‌ಸ್ಪೇಸ್ ಇತ್ತು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿದ ನೋವಾ ಸಮಾರಾ ಎಂಬವರು 1990ರಲ್ಲಿ ಕಟ್ಟಿದ ಕಂಪನಿ ಅದು. ಟಿವಿ, ರೇಡಿಯೋ ಗಟ್ಟಿಯಾಗಿ ಸಿಗದ ಊರುಗಳಿಗೆ ಆಕಾಶದಿಂದ ರೇಡಿಯೋ ಕೊಡಬೇಕು ಎಂಬ ಆಸೆ. ನಮ್ಮ ಭಾಗಕ್ಕೆ ಏಷ್ಯಾಸ್ಟಾರ್ ಎಂಬ ಉಪಗ್ರಹ, 2000ದ ಮಾರ್ಚ್‌ನಲ್ಲಿ ಹಾರಿಸಿದ್ದು. ಅದು 105 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತಿತ್ತು. ನಮ್ಮ ಮನೆಯಿಂದ ನೋಡಿದರೆ ಪೂರ್ವಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿ, ಆಕಾಶದ ಅರ್ಧಕ್ಕಿಂತ ತುಸು ಮೇಲೆ. ಆ ದಿಕ್ಕಿಗೆ ಸರಿಯಾಗಿ ನಮ್ಮ ಹಲಸಿನ ಮರ. ಅಪ್ಪಯ್ಯ ಅಂಗೈ ಅಗಲದ ಆ ಆಂಟೆನಾವನ್ನು ಹಿಡಿದುಕೊಂಡು ಜಗಲಿ, ಅಂಗಳ, ಕೊಟ್ಟಿಗೆಯ ಮಾಡು ಎಲ್ಲ ಸುತ್ತಿ, ಕೊನೆಗೆ ಮೆತ್ತಿನ (ಮೇಲಂತಸ್ತಿನ) ಕಿಟಕಿಯಲ್ಲಿ ಜಾಗ ಹುಡುಕಿದ್ದ. ಕನ್ನಡಕ್ಕೆ ಸ್ಪರ್ಶ ಎಂಬ ಚಾನೆಲ್ ಇತ್ತು. ಕರ್ನಾಟಕ ಸಂಗೀತಕ್ಕೆ ಶ್ರುತಿ, ಹಿಂದುಸ್ತಾನಿಗೆ ಗಂಧರ್ವ್. ಬೆಳಿಗ್ಗೆ ಅಡಿಕೆ ಸುಲಿಯುವವರೆಲ್ಲ ಗಂಧರ್ವ್ ಕೇಳುತ್ತಲೇ ಸುಲಿಯುತ್ತಿದ್ದರು. 2008ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತಿತು. ಅಪ್ಪಯ್ಯ ಆ ಪೆಟ್ಟಿಗೆಯನ್ನು ಬಟ್ಟೆ ಸುತ್ತಿ ನಾಗಂದಿಗೆಯ ಮೇಲೆ ಇಟ್ಟ. ಇನ್ನೂ ಅಲ್ಲೇ ಇದೆ.

ಹಾಗಾಗಿ ಭಾವನ ಸ್ಟೀರಿಯೋ ನೋಡಿ ನನಗೆ ನಿಜವಾಗಿ ಆಸೆ ಹುಟ್ಟಿತು. ಆದರೆ ರಾತ್ರಿ ಊಟ ಮುಗಿಸಿ ಇಬ್ಬರೂ ಕೂತು ಓದಿದಾಗ ಗೊತ್ತಾಯಿತು. ಸಿರಿಯಸ್ ಮತ್ತು ಎಕ್ಸ್‌ಎಂ ಎರಡು ಬೇರೆ ಕಂಪನಿಗಳು, 2008ರಲ್ಲಿ ಒಂದಾದವು. ಅವುಗಳ ಉಪಗ್ರಹಗಳು ಉತ್ತರ ಅಮೆರಿಕದ ಕಡೆ ಮುಖ ಮಾಡಿರುವಂಥವು. ಇಲ್ಲಿಗೆ ಅವು ಕಾಣುವುದೇ ಇಲ್ಲ. "ರೆಡಿ" ಎಂಬ ಮಾತಿನ ಅರ್ಥವೂ ಬೇರೆ: ಸ್ಟೀರಿಯೋ ಹಿಂದೆ ಒಂದು ತೂತು ಇದೆ, ಅದಕ್ಕೆ ಬೇರೆ ಟ್ಯೂನರ್ ಡಬ್ಬಿ, ಬೇರೆ ಆಂಟೆನಾ ತಂದು ಹಾಕಬೇಕು, ತಿಂಗಳ ಚಂದಾ ಕಟ್ಟಬೇಕು. ಅಮೆರಿಕದ ಊರುಗಳಲ್ಲಿ ಎತ್ತರದ ಕಟ್ಟಡದ ಮರೆಯಲ್ಲೂ ಅದು ಕೇಳಿಸುವುದಕ್ಕೆ ಕಾರಣ, ಉಪಗ್ರಹದ ಜೊತೆಗೆ ನೆಲದ ಮೇಲೂ ಅದೇ ಪ್ರಸಾರವನ್ನು ಮರಳಿ ಬಿಡುವ ರಿಪೀಟರ್ ಕಂಬಗಳಿವೆ. ವರ್ಲ್ಡ್‌ಸ್ಪೇಸ್‌ಗೆ ನಮ್ಮಲ್ಲಿ ಆ ಕಂಬಗಳ ಜಾಲ ಬರಲೇ ಇಲ್ಲ. ಬಂದಿದ್ದರೂ ದೇವಿಮನೆ ಕಾಡಿನೊಳಗೆ ಯಾರು ಕಂಬ ಹಾಕುತ್ತಿದ್ದರು? ಮನೆಗಾದರೆ ಈಗಲೂ ಉಪಗ್ರಹದ ರೇಡಿಯೋ ಉಂಟು, ಡಿಡಿ ಫ್ರೀ ಡಿಶ್‌ನಲ್ಲಿ ಆಕಾಶವಾಣಿ ಚಾನೆಲ್‌ಗಳು ಬರುತ್ತವೆ. ಆದರೆ ಆ ತಟ್ಟೆಯನ್ನು ಓಡುವ ಕಾರಿನ ಮೇಲೆ ಕೂರಿಸಲು ಆಗುವುದಿಲ್ಲ, ಅದು ಒಂದೇ ದಿಕ್ಕಿಗೆ ಅಲ್ಲಾಡದೆ ನೋಡುತ್ತಿರಬೇಕು.

ಉಪಗ್ರಹ ಹೋಗಲಿ, ರೇಡಿಯೋವಾದರೂ ಇದೆಯಲ್ಲ ಎಂದು ಮರುದಿನ ಜಗಲಿಯ ಮೇಲೆ ಒಂದು ಹಳೆಯ ಬ್ಯಾಟರಿಗೆ ಅದನ್ನು ಜೋಡಿಸಿದೆವು. ಆಂಟೆನಾಗೆ ಒಂದು ಮಾರು ತಂತಿ. ಆಯಿ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಧಾರವಾಡ ಬತ್ತಾ?"

ಬರಲಿಲ್ಲ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ವಿದೇಶದಿಂದ ಸ್ಟೀರಿಯೋ ತರಿಸುವವರು ನಮ್ಮ ಕಡೆ ಬಹಳ ಜನ ಇದ್ದಾರೆ. ಧಾರವಾಡ ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ (ಸ್ಟೀರಿಯೋ ಮೇಲೆ ಎಎಂ ಎಂದಿರುತ್ತದೆ) 765 ಕಿಲೋಹರ್ಟ್ಸ್. ನಮ್ಮ ದೇಶದಲ್ಲಿ ಮೀಡಿಯಂ ವೇವ್ ನಿಲಯಗಳ ನಡುವೆ 9 ಕಿಲೋಹರ್ಟ್ಸ್ ಅಂತರ. ಭದ್ರಾವತಿ 675, ಮಂಗಳೂರು 1089, ಪಣಜಿ 1287. ಯಾವುದನ್ನು ಬೇಕಾದರೂ 9ರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ. ಅಮೆರಿಕದಲ್ಲಿ ಅಂತರ 10. ಹಾಗಾಗಿ ಭಾವನ ಸ್ಟೀರಿಯೋ 760ರಲ್ಲಿ ನಿಲ್ಲುತ್ತದೆ, ಮುಂದಿನ ಹೆಜ್ಜೆ 770. ನಡುವಿನ 765 ಅದಕ್ಕೆ ಇಲ್ಲವೇ ಇಲ್ಲ. 770ರಲ್ಲಿ ಮಾತು ಕೇಳಿತು, ಆದರೆ ಮೂಗು ಹಿಡಿದು ಮಾತಾಡಿದ ಹಾಗೆ. ಎಫ್‌ಎಂನಲ್ಲೂ ಇದೇ ಕಥೆ. ಅಮೆರಿಕದಲ್ಲಿ 0.2 ಮೆಗಾಹರ್ಟ್ಸ್ ಹೆಜ್ಜೆ, ಅದೂ ಚುಕ್ಕೆಯ ನಂತರ ಬೆಸ ಅಂಕಿ ಮಾತ್ರ. ನಮ್ಮ ಕಾರವಾರ ಆಕಾಶವಾಣಿ 102.3, ಅದು ಸಿಗುತ್ತದೆ. ಆದರೆ ಕೋಡಿಬಾಗದಲ್ಲಿ ನಾವು ಕೇಳುವ ಗೋವಾದ 105.4 ಸರಿಯಾಗಿ ಸಿಗುವುದಿಲ್ಲ, ಮುಳ್ಳು 105.3ರಿಂದ 105.5ಕ್ಕೆ ಹಾರುತ್ತದೆ. ಕೆಲವು ಸ್ಟೀರಿಯೋಗಳಲ್ಲಿ ಪ್ರದೇಶ ಬದಲಿಸುವ ಸೆಟ್ಟಿಂಗ್ ಇರುತ್ತದೆ. ಭಾವ ತಂದದ್ದರಲ್ಲಿ ಇರಲಿಲ್ಲ. ಅವನಿಗೆ ಬೇಜಾರಾಯಿತು. ಅಷ್ಟು ದೂರದಿಂದ ಹೊತ್ತು ತಂದಿದ್ದ ಪಾಪ. ಅದು ಈಗ ನಮ್ಮ ಊರಿನ ಮನೆಯ ಜಗಲಿಯಲ್ಲಿ ಬ್ಲೂಟೂತ್‌ಗೆ ಚೆನ್ನಾಗಿ ಉಪಯೋಗವಾಗುತ್ತಿದೆ.

ಮೀಡಿಯಂ ವೇವ್ ಈಗ ಯಾರು ಕೇಳುತ್ತಾರೆ ಎಂದು ಅಂಗಡಿಯವರು ಕೇಳುತ್ತಾರೆ. ಘಾಟಿಯಲ್ಲಿ ಓಡಾಡುವವರು ಕೇಳಬೇಕು. 102.3ರ ಅಲೆಯ ಉದ್ದ ಮೂರು ಮೀಟರಿಗೂ ಕಡಿಮೆ. ಅದು ನೇರಕ್ಕೆ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ನೆರಳು ಬೀಳುತ್ತದೆ. ಕಾರವಾರ, ಅಮದಳ್ಳಿ, ಅಂಕೋಲಾವರೆಗೆ ಗಂಟೆ ಬಾರಿಸಿದ ಹಾಗೆ ಕೇಳುವ ನಿಲಯ, ನನ್ನ ಗಾಡಿಯಲ್ಲಿ ಮಿರ್ಜಾನ ದಾಟುವಾಗ ಬುಸುಗುಡಲು ಶುರು. ಘಾಟಿ ಹತ್ತಿದರೆ ಪೂರ್ತಿ ಹೋಯಿತು. ಧಾರವಾಡದ ಅಲೆ ಸುಮಾರು 390 ಮೀಟರ್ ಉದ್ದ. ಗುಡ್ಡವನ್ನು ಸುತ್ತಿಕೊಂಡು ಬರುತ್ತದೆ. ಗರಗರ ಇರುತ್ತದೆ, ಆದರೆ ಪ್ರದೇಶ ಸಮಾಚಾರದ ಒಂದು ಮಾತೂ ತಪ್ಪುವುದಿಲ್ಲ. ಹಾಗಾಗಿ ಮೀಡಿಯಂ ವೇವ್ ಇಲ್ಲದ ಸ್ಟೀರಿಯೋ ಬೇಡವೇ ಬೇಡ ಎಂದು ಮೊದಲೇ ಬರೆದಿಟ್ಟುಕೊಂಡೆ.

ಇನ್ನು ಫೋನ್. ಇಲ್ಲಿ ಆಯ್ಕೆ ಜಾಸ್ತಿ, ಗೊಂದಲವೂ ಜಾಸ್ತಿ.

ಶಿರಸಿಯ ಅಂಗಡಿಗಳಲ್ಲಿ "ಆಂಡ್ರಾಯ್ಡ್ ಸ್ಟೀರಿಯೋ" ಅಂತ ಒಂಬತ್ತು ಇಂಚಿನ ದೊಡ್ಡ ಪರದೆಯದ್ದನ್ನು ಮೊದಲು ತೋರಿಸುತ್ತಾರೆ. ಇದೂ "ಆಂಡ್ರಾಯ್ಡ್ ಆಟೋ"ವೂ ಒಂದೇ ಅಲ್ಲ. ಮೊದಲನೆಯದು ಅಂದರೆ ಡ್ಯಾಶ್‌ಬೋರ್ಡ್‌ನಲ್ಲಿ ಕೂರಿಸಿದ ಒಂದು ಟ್ಯಾಬ್. ಅದಕ್ಕೆ ತನ್ನದೇ ರ‍್ಯಾಮ್, ತನ್ನದೇ ಆ್ಯಪ್. ಇಂಟರ್ನೆಟ್ ಬೇಕಾದರೆ ಫೋನಿನಿಂದ ಹಾಟ್‌ಸ್ಪಾಟ್ ಕೊಡಬೇಕು. ನಾನು ನೋಡಿದ ಒಂದರಲ್ಲಿ ಕೀಲಿ ತಿರುಗಿಸಿ ಎಣಿಸಿದೆ, ಹಾಡು ಶುರುವಾಗಲು 38 ಸೆಕೆಂಡ್ ಹಿಡಿಯಿತು. ಮೀಡಿಯಂ ವೇವ್ ಅದರಲ್ಲಿ ಇರಲೇ ಇಲ್ಲ. ಎರಡನೆಯದು, ಅಂದರೆ ಆಂಡ್ರಾಯ್ಡ್ ಆಟೋ, ನಿಮ್ಮ ಫೋನನ್ನೇ ಪರದೆಯ ಮೇಲೆ ತೋರಿಸುವ ವ್ಯವಸ್ಥೆ. ಭಾರತದಲ್ಲೂ ಇದೆ. ಐಫೋನಿನವರಿಗೆ ಕಾರ್‌ಪ್ಲೇ. ಕೆಲಸವೆಲ್ಲ ಫೋನಿನದು, ಸ್ಟೀರಿಯೋ ಬರೀ ಮುಖ ಮತ್ತು ಧ್ವನಿ. ಫೋನ್ ಹೊಸದಾದರೆ ಎಲ್ಲವೂ ಹೊಸದಾಗುತ್ತದೆ. ನನಗೆ ಇದೇ ಸರಿ ಅನ್ನಿಸಿತು.

ಅದರಲ್ಲೂ ವೈರ್ ಇದ್ದದ್ದೋ, ವೈರ್ ಇಲ್ಲದ್ದೋ? ವೈರ್ ಇಲ್ಲದ್ದು ಬ್ಲೂಟೂತ್‌ನಲ್ಲಿ ಗುರುತು ಹಿಡಿದು, ಆಮೇಲೆ ವೈಫೈಯಲ್ಲಿ ಕೆಲಸ ಮಾಡುತ್ತದೆ. ಊರೊಳಗೆ ಓಡಾಡುವವರಿಗೆ ಚಂದ. ಮೂರೂವರೆ ತಾಸಿನ ದಾರಿಯಲ್ಲಿ ಮ್ಯಾಪು, ವೈಫೈ, ನೆಟ್‌ವರ್ಕ್ ಹುಡುಕಾಟ ಎಲ್ಲ ಸೇರಿ ಫೋನ್ ಕಾದುಹೋಗುತ್ತದೆ. ಕಾಡಿನಲ್ಲಿ ಸಿಗ್ನಲ್ ಹುಡುಕುವುದೇ ಫೋನಿಗೆ ದೊಡ್ಡ ಕೆಲಸ. ನಾನು ವೈರ್ ಇದ್ದದ್ದನ್ನೇ ಆರಿಸಿದೆ. ಚಾರ್ಜೂ ಆಗುತ್ತದೆ. ಒಂದೇ ಎಚ್ಚರ, ಕೇಬಲ್ ಚಿಕ್ಕದಾಗಿರಲಿ, ಡೇಟಾ ಹೋಗುವಂಥದ್ದಾಗಿರಲಿ. ಸುಮ್ನೆ ಚಾರ್ಜ್ ಮಾತ್ರ ಮಾಡುವ ಕೇಬಲ್ ಹಾಕಿ ಸ್ಟೀರಿಯೋ ಸರಿಯಿಲ್ಲ ಅನ್ನುವವರನ್ನು ನೋಡಿದ್ದೇನೆ.

ಫೋನಿನ ಇಯರ್‌ಫೋನ್ ತೂತಿನಿಂದ ತಂತಿ ಎಳೆದು ಹಾಕುವ ಆಕ್ಸ್ ತೂತು ಈಗಲೂ ಕೆಲವರಿಗೆ ಇಷ್ಟ. ಆದರೆ ಫೋನನ್ನು ಕಾರಿನಲ್ಲೇ ಚಾರ್ಜಿಗಿಟ್ಟು ಆಕ್ಸ್‌ನಲ್ಲಿ ಹಾಡು ಹಾಕಿದರೆ, ಎಂಜಿನ್ ಜೋರಾದಂತೆ ಒಂದು ಕುಂಯ್ ಸದ್ದು ಹಿಂದಿಂದ ಏರುತ್ತದೆ. ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್‌ನ ಸದ್ದು ಅದು, ಅರ್ಥಿಂಗ್ ಎರಡು ದಾರಿಯಿಂದ ಸುತ್ತಿದಾಗ ಹೀಗಾಗುತ್ತದೆ. ಯುಎಸ್‌ಬಿಯಲ್ಲಿ ಧ್ವನಿ ಅಂಕಿಯಾಗಿಯೇ (ಡಿಜಿಟಲ್ ಆಗಿ) ಹೋಗುವುದರಿಂದ ಈ ಕಾಟ ಇಲ್ಲ. ಬ್ಲೂಟೂತ್ ನಾನು ಕರೆಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಜೊತೆಗೆ ಬರುವ ಮೈಕನ್ನು ಸ್ಟೀರಿಂಗ್ ಹಿಂದೆ ಅಡಗಿಸದೆ, ಚಾಲಕನ ತಲೆಯ ಮೇಲಿನ ಸನ್‌ವೈಸರ್ ಹತ್ತಿರ ಹಾಕಿಸಿ. ಮಳೆಗಾಲದಲ್ಲಿ ಗಾಜಿಗೆ ಗಾಳಿ ಬಿಡುವ ಸದ್ದಿನಲ್ಲಿ ಕೆಳಗಿನ ಮೈಕ್‌ಗೆ ಏನೂ ಕೇಳುವುದಿಲ್ಲ.

ನೆಟ್‌ವರ್ಕ್ ಇದ್ದರೆ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಆಕಾಶವಾಣಿ ಸ್ಪಷ್ಟವಾಗಿ ಬರುತ್ತದೆ. ಭಾವ ಅಮೆರಿಕದಲ್ಲೂ ಕೇಳುತ್ತಾನಂತೆ. ಆದರೆ ಘಾಟಿಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಎಲ್ಲ ಇಳಿಸಿಕೊಳ್ಳುತ್ತೇನೆ. ಮ್ಯಾಪಿನಲ್ಲಿ ಶಿರಸಿ, ಯಲ್ಲಾಪುರ, ಕಾರವಾರದ ಭಾಗವನ್ನು ಆಫ್‌ಲೈನ್ ಇಟ್ಟಿದ್ದೇನೆ. ಒಂದು ರಸ್ತೆ ಮುಚ್ಚಿದರೆ ಅರಬೈಲ್ ಕಡೆಯಿಂದ ಸುತ್ತಬೇಕಾಗುತ್ತದಲ್ಲ.

ಆಯಿಗೆ ಮಾತ್ರ ಫೋನಿನ ಯಾವುದೂ ಬೇಡ. ಅವಳದು ಪೆನ್‌ಡ್ರೈವ್. 128 ಕೆಬಿಪಿಎಸ್‌ನ ಎಂಪಿ3 ತಾಸಿಗೆ ಸುಮಾರು 58 ಎಂಬಿ. ನಾಲ್ಕು ತಾಸಿನ ಒಂದು ತಾಳಮದ್ದಲೆ 230 ಎಂಬಿಯಲ್ಲಿ ಕೂರುತ್ತದೆ. 32 ಜಿಬಿ ಪೆನ್‌ಡ್ರೈವ್‌ನಲ್ಲಿ ಐನೂರು ತಾಸಿಗಿಂತ ಜಾಸ್ತಿ ಹಿಡಿಸುತ್ತದೆ. ಅದಕ್ಕಿಂತ ದೊಡ್ಡದನ್ನು ತರಬೇಡಿ. 64 ಜಿಬಿಯವು ಹೆಚ್ಚಾಗಿ ಎಕ್ಸ್‌ಫ್ಯಾಟ್ ಎಂಬ ಫೈಲ್ ಜೋಡಣೆಯಲ್ಲಿ ಬರುತ್ತವೆ, ಬಹಳಷ್ಟು ಸ್ಟೀರಿಯೋಗಳು ಅದನ್ನು ಓದುವುದಿಲ್ಲ. 32ರದ್ದನ್ನು ಫ್ಯಾಟ್32 ಎಂಬ ಹಳೆಯ ಜೋಡಣೆಯಲ್ಲಿ ಫಾರ್ಮ್ಯಾಟ್ ಮಾಡಿದರೆ ಹೆಚ್ಚುಕಡಿಮೆ ಎಲ್ಲಿಯೂ ನಡೆಯುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ನಾನು ಅಂಗಡಿಗೆ ಹೋಗಿ ಮಾಡಿದ ಪರೀಕ್ಷೆ ಬೇರೆಯೇ. ಪೆನ್‌ಡ್ರೈವ್ ಹಾಕಿ, ಮೂರು ತಾಸಿನ ಪ್ರಸಂಗವನ್ನು ನಡುವಿಗೆ ಓಡಿಸಿ, ಕೀಲಿ ತೆಗೆದು, ಐದು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಎರಡು ಸ್ಟೀರಿಯೋಗಳು ಮೊದಲಿನಿಂದ, ಗಣಪತಿ ಸ್ತುತಿಯಿಂದಲೇ ಶುರು ಮಾಡಿದವು. ಮೂರನೆಯದು ಮಾತಿನ ನಡುವಿನಿಂದ ಮುಂದುವರಿಸಿತು. ಅದನ್ನೇ ಆರಿಸಿದೆ. ಮೂರು ನಿಮಿಷದ ಚಿತ್ರಗೀತೆ ಕೇಳುವವರಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅದಕ್ಕೆ ಡಬ್ಬಿಯ ಮೇಲೂ ಯಾರೂ ಬರೆಯುವುದಿಲ್ಲ. ನಮಗೆ ಚಹಾ ಕುಡಿಯಲು ನಿಲ್ಲಿಸಿದಾಗಲೆಲ್ಲ ಬೇಕಾಗುವ ಗುಣ ಅದು.

ಏಳು ಇಂಚಿನ ಡಬಲ್ ಡಿನ್ (ಮಾಮೂಲಿ ಸ್ಟೀರಿಯೋದ ಎರಡರಷ್ಟು ಎತ್ತರದ್ದು), ವೈರ್‌ನ ಆಂಡ್ರಾಯ್ಡ್ ಆಟೋ, ಮೀಡಿಯಂ ವೇವ್, ಮತ್ತು ಕೈಗೆ ಸಿಗುವ ಗುಂಡು ವಾಲ್ಯೂಮ್ ಬಟನ್. ಫ್ರೇಮು, ವೈರಿಂಗ್ ಕಪ್ಲರ್ ಸೇರಿ 18,500 ರೂಪಾಯಿ ಆಯಿತು. ಡಬ್ಬಿಯ ಮೇಲೆ 4×50 ವ್ಯಾಟ್ ಎಂದು ಬರೆದಿರುತ್ತದೆ, ಅದು ಕ್ಷಣದ ಗರಿಷ್ಠ ಲೆಕ್ಕ. ಕಾರಿನ 14 ವೋಲ್ಟ್‌ನಲ್ಲಿ 4 ಓಮ್ ಸ್ಪೀಕರಿಗೆ ನಿಜವಾಗಿ ಸಿಗುವುದು ಇಪ್ಪತ್ತರ ಹತ್ತಿರ. ಚಂಡೆಗೂ ಮದ್ದಳೆಗೂ ಅಷ್ಟು ಧಾರಾಳ ಸಾಕು.

ಕೂರಿಸುವಾಗ ಒಂದು ತಪ್ಪಾಯಿತು. ಹಾಕಿಸಿದ ಮರುದಿನದಿಂದ, ಪ್ರತಿ ಸಲ ಕೀಲಿ ತೆಗೆದರೆ ಸ್ಟೀರಿಯೋ ಎಲ್ಲ ಮರೆಯುತ್ತಿತ್ತು. ಗಡಿಯಾರ 12:00. ನಿಲಯಗಳೆಲ್ಲ ಖಾಲಿ. ಯಾವುದಕ್ಕೆಂದು ದುಡ್ಡು ಕೊಟ್ಟೆನೋ ಆ ಮುಂದುವರಿಸುವ ಗುಣವೂ ಇಲ್ಲ. ಹಾಕಿದವರು "ಇದು ಹೀಗೆಯೇ" ಅಂದರು. ನಾನು ಒಪ್ಪಲಿಲ್ಲ. ಸ್ಟೀರಿಯೋ ಹಿಂದೆ ಹಳದಿ ವೈರ್ ಇರುತ್ತದೆ, ಅದು ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್, ನೆನಪಿಗೆ. ಕೆಂಪು ವೈರ್ ಕೀಲಿ ತಿರುಗಿಸಿದಾಗ ಮಾತ್ರ ಬರುವ ಕರೆಂಟ್. ಕಪ್ಪು ಅರ್ಥಿಂಗ್. ನಮ್ಮ ಗಾಡಿಯಲ್ಲಿ ಹಳದಿ, ಕೆಂಪು ಎರಡನ್ನೂ ಕೀಲಿಯ ಕಡೆಗೇ ಸೇರಿಸಿದ್ದರು. ಎರಡನ್ನೂ ಬ್ಯಾಟರಿಗೆ ಸೇರಿಸಿದ್ದರೆ ಇನ್ನೂ ಕಷ್ಟ, ಮಲಗಿದ್ದಾಗ ಬ್ಯಾಟರಿ ಇಳಿಯುತ್ತಿತ್ತು. ಕಾರವಾರದ ಒಬ್ಬ ಹುಡುಗ ಮೀಟರ್ ಹಿಡಿದು ಅರ್ಧ ತಾಸಿನಲ್ಲಿ ಸರಿ ಮಾಡಿದ.

ಅವನೇ ಇನ್ನೊಂದನ್ನೂ ಕಂಡುಹಿಡಿದ. ಹೊಸ ಸ್ಟೀರಿಯೋದಲ್ಲಿ 102.3 ಹಳೆಯದಕ್ಕಿಂತ ಮಂಕಾಗಿತ್ತು. ನಮ್ಮ ಗಾಡಿಯ ಆಂಟೆನಾದ ಬುಡದಲ್ಲಿ ಒಂದು ಪುಟ್ಟ ಆಂಪ್ಲಿಫೈಯರ್ ಇದೆ. ಅದಕ್ಕೆ ಕರೆಂಟ್ ಕೊಡುವ ನೀಲಿ ವೈರನ್ನು ಟೇಪು ಸುತ್ತಿ ಸುಮ್ನೆ ಬಿಟ್ಟಿದ್ದರು. ಅದನ್ನು ಸೇರಿಸಿದ ಕೂಡಲೇ ನಿಲಯ ಎದ್ದು ಕೂತಿತು. ಆಂಟೆನಾದ ಕಡ್ಡಿ ಬಿಚ್ಚಿದಾಗ ಬುಡದ ತುಂಬ ಹಸಿರು ಕಿಲುಬು. ಕಡಲ ದಂಡೆಯ ಗಾಡಿಗಳಿಗೆಲ್ಲ ಇದು ಇದ್ದದ್ದೇ. ಉಜ್ಜಿ ತೆಗೆದು, ಒಂಚೂರು ವ್ಯಾಸಲಿನ್ ಸವರಿ ತಿರುಗಿಸಿ ಹಾಕಿದ. ಅರ್ಥಿಂಗ್ ಬೋಲ್ಟಿಗೂ ಹಾಗೆಯೇ. ಮಳೆಗಾಲಕ್ಕೆ ಮೊದಲು ವರ್ಷಕ್ಕೊಮ್ಮೆ ಮಾಡಿ ಎಂದ.

ಮೀಡಿಯಂ ವೇವ್ ಕೇಳುವವರಿಗೆ ಇನ್ನೊಂದು ಮಾತು. ಸಿಗರೇಟ್ ಲೈಟರ್ ತೂತಿಗೆ ಹಾಕುವ ಅಗ್ಗದ ಚಾರ್ಜರ್ ಇದೆಯಲ್ಲ, ಅದನ್ನು ಕಿತ್ತು ನೋಡಿ. ನನ್ನ ಗಾಡಿಯಲ್ಲಿ ಧಾರವಾಡದ ಮೇಲಿದ್ದ ಜೀರುಂಡೆ ಸದ್ದು ಅರ್ಧಕ್ಕಿಂತ ಜಾಸ್ತಿ ಅದರಿಂದಲೇ ಬರುತ್ತಿತ್ತು.

ದೀಪಾವಳಿಗೆ ಆಯಿಯನ್ನು ಕರೆದುಕೊಂಡು ಹೋದೆ. ಅಂಕೋಲಾವರೆಗೆ 102.3, ಆಮೇಲೆ ಪೆನ್‌ಡ್ರೈವ್. ದೇವಿಮನೆಯಲ್ಲಿ ದೇವಸ್ಥಾನದ ಎದುರು ನಿಲ್ಲಿಸಿ ಕೀಲಿ ತೆಗೆದೆ. ಅವಳು ಇಳಿದು ಕೈ ಮುಗಿದು, ಫ್ಲಾಸ್ಕಿನ ಕಷಾಯ ಕುಡಿದು ಬಂದು ಕೂತಳು. ಕೀಲಿ ತಿರುಗಿಸಿದೆ. ಸಂಧಾನಕ್ಕೆ ಹೋದ ಕೃಷ್ಣ ಬಿಟ್ಟ ಮಾತಿನಿಂದಲೇ ಶುರು ಮಾಡಿದ. ಆಯಿ ಸೀಟಿಗೆ ತಲೆ ಆನಿಸಿ, ಗುಂಡು ಬಟನ್ನನ್ನು ತಾನೇ ಒಂಚೂರು ತಿರುಗಿಸಿ, ಕಣ್ಣು ಮುಚ್ಚಿಕೊಂಡಳು. ಶಿರಸಿಯವರೆಗೆ ಎಲ್ಲಿಯೂ ಗಾಡಿ ನಿಲ್ಲಿಸು ಅನ್ನಲಿಲ್ಲ.